ಪದಚರ್ಚೆ: ಜೇನಿನದು ನೃತ್ಯವೇ, ಕುಣಿತವೇ, ಆಟವೇ?

ಮಾನ್ಯರೆ,

ತುಮಕೂರಿನಲ್ಲಿ ಮಕ್ಕಳಿಗಾಗಿ ನಾವು ಕೆಲವರು ನಡೆಸಲಿರುವ ಬೇಸಿಗೆಯ ಕಲಾಹಬ್ಬದ ಆಹ್ವಾನಪತ್ರಿಕೆ ಒಂದು ಪದದ ಬಳಿ ಬಂದು ನಿಂತುಬಿಟ್ಟಿದೆ. ನರ್ತನ, ಪರಿಸರ, ವಿಜ್ಞಾನ ಮೂರನ್ನೂ ಒಂದೇ ಅಂಗಳಕ್ಕೆ ತರಬೇಕೆಂದು ಹೊರಟ ನಾವು, ಜೇನುಹುಳು ಗೂಡಿಗೆ ಮರಳಿ ಹೂವಿರುವ ತಾಣವನ್ನು ಒಡಹುಟ್ಟಿದ ಹುಳುಗಳಿಗೆ ಮೈಚಲನೆಯಿಂದಲೇ ತಿಳಿಸುವ ಬಗೆಯನ್ನು ವಿಷಯವಾಗಿ ಆರಿಸಿಕೊಂಡೆವು. ಮಕ್ಕಳು ಅದನ್ನು ಮೊದಲು ಅರ್ಥ ಮಾಡಿಕೊಂಡು ಆಮೇಲೆ ತಾವೇ ಮಾಡಿ ತೋರಿಸಬೇಕು. ಕರಡಿನಲ್ಲಿ ಇದನ್ನು ‘ಜೇನಿನ ಅಲುಗಾಟ ನೃತ್ಯ’ ಎಂದು ಬರೆದಿದ್ದೆವು. ಓದಿದ ಹಿರಿಯರೊಬ್ಬರು, ಗುಬ್ಬಿ ಕಡೆಯ ರೈತರು, ‘ನೃತ್ಯ ಮಾಡಕ್ಕೆ ಜೇನೇನು ಗೆಜ್ಜೆ ಕಟ್ಟೈತಾ?’ ಎಂದು ನಕ್ಕರು. ಆ ನಗೆಯ ಹಿಂದಿನ ಆಕ್ಷೇಪ ಸರಿಯೆಂದೇ ನನಗೆ ತೋರುತ್ತದೆ.

ಪದವನ್ನು ತೂಗುವ ಮೊದಲು ಕ್ರಿಯೆಯನ್ನು ನೋಡಬೇಕು. ಜೀವವಿಜ್ಞಾನಿ ಕಾರ್ಲ್ ಫಾನ್ ಫ್ರಿಶ್ ಅವರು ಬಿಡಿಸಿ ತೋರಿಸಿದಂತೆ (ಅವರಿಗೆ 1973ರಲ್ಲಿ ಇನ್ನಿಬ್ಬರೊಂದಿಗೆ ನೊಬೆಲ್ ಬಂತು), ಜೇನುಹುಳು ನೆಟ್ಟಗೆ ತೂಗುವ ಎರಿಯ (ಗೂಡಿನ ಮೇಣದ ಹಲಗೆಯ) ಮೇಲೆ ಹೊಟ್ಟೆಯನ್ನು ಎಡಬಲಕ್ಕೆ ಅಲುಗಿಸುತ್ತ ತುಸು ದೂರ ನೇರವಾಗಿ ಓಡುತ್ತದೆ, ಒಂದು ಬದಿಯಿಂದ ಸುತ್ತಿ ಹೊರಟಲ್ಲಿಗೆ ಬರುತ್ತದೆ, ಮತ್ತೆ ಓಡಿ ಈ ಸಲ ಇನ್ನೊಂದು ಬದಿಯಿಂದ ಸುತ್ತುತ್ತದೆ. ನೇರ ಓಟವು ಮೇಲ್ಮುಖವಾಗಿದ್ದರೆ ಹೂವು ಸೂರ್ಯನಿರುವ ದಿಕ್ಕಿನಲ್ಲಿದೆ ಎಂದರ್ಥ. ಲಂಬರೇಖೆಯಿಂದ 40 ಡಿಗ್ರಿ ಬಲಕ್ಕೆ ವಾಲಿದ್ದರೆ ಸೂರ್ಯನಿಂದ 40 ಡಿಗ್ರಿ ಬಲಕ್ಕೆ. ಅಲುಗಾಟ ಹೆಚ್ಚು ಹೊತ್ತು ನಡೆದಷ್ಟೂ ದೂರ ಹೆಚ್ಚು. ನಮ್ಮ ಬೇಲಿಗಳಲ್ಲಿ ಕಟ್ಟುವ ಕೋಲುಜೇನಿಗೆ ಇಷ್ಟು ಲೆಕ್ಕವೂ ಬೇಡ, ಅದು ಎರಿಯ ಚಪ್ಪಟೆ ನೆತ್ತಿಯ ಮೇಲೆ ಹೂವಿನತ್ತಲೇ ಮುಖಮಾಡಿ ಓಡುತ್ತದೆ. ನಮ್ಮ ಮಕ್ಕಳಿಗೂ ಕೋಲುಜೇನಿನ ದಾರಿಯೇ ಸುಲಭವಾದೀತು, ಗೋಡೆಯ ಮೇಲೆ ಓಡಲು ಯಾರಿಗೂ ಬಾರದು.

ಈಗ ಪದಕ್ಕೆ ಬರುತ್ತೇನೆ. ಧನಂಜಯನ ದಶರೂಪಕವೆಂಬ ಸಂಸ್ಕೃತ ನಾಟ್ಯಗ್ರಂಥವು ತಾಳಲಯಗಳನ್ನು ಆಶ್ರಯಿಸಿದ್ದನ್ನು ನೃತ್ತವೆಂದೂ ಭಾವವನ್ನು ಆಶ್ರಯಿಸಿದ್ದನ್ನು ನೃತ್ಯವೆಂದೂ ಬೇರ್ಪಡಿಸುತ್ತದೆ. ಆ ಅಳತೆಯಲ್ಲಿ ಜೇನಿನದು ಎರಡೂ ಅಲ್ಲ. ಅದರಲ್ಲಿ ಅರ್ಥ ಖಚಿತವಾಗಿ ಇದೆ, ಆದುದರಿಂದ ಬರಿಯ ನೃತ್ತವೆನ್ನುವಂತಿಲ್ಲ. ಆದರೆ ಆ ಅರ್ಥ ದಿಕ್ಕು ದೂರಗಳದ್ದೇ ಹೊರತು ಭಾವದ್ದಲ್ಲ. ‘ನಲಿ’ ಎಂಬ ಚೆಲುವಾದ ಧಾತುವನ್ನು ಒಬ್ಬರು ಸೂಚಿಸಿದರು. ನಲಿವಿನಲ್ಲಿ ಸಂತೋಷ ಬೆರೆತಿರುತ್ತದೆ, ಹುಳುವಿಗೆ ಸಂತೋಷವಾಯಿತೆಂದು ವಿಜ್ಞಾನದ ಹೆಸರಿನಲ್ಲಿ ಮಕ್ಕಳಿಗೆ ಹೇಳಲು ನಾನಂತೂ ಒಪ್ಪಲಾರೆ.

‘ಕುಣಿತ’ ನಮ್ಮ ಸೀಮೆಯ ನಾಲಿಗೆಗೆ ಹತ್ತಿರದ್ದು. ಸೋಮನ ಕುಣಿತ, ಪಟದ ಕುಣಿತ ಎನ್ನುತ್ತೇವೆಯೇ ಹೊರತು ಸೋಮನ ನೃತ್ಯವೆಂದು ಊರಲ್ಲಿ ಹೇಳಿದವರನ್ನು ನಾನು ಕಾಣೆ. ಆದರೂ ಕನ್ನಡವು ಪ್ರಾಣಿಗಳ ಎಲ್ಲ ಚಲನೆಯನ್ನೂ ಕುಣಿತವೆನ್ನುವುದಿಲ್ಲ: ನವಿಲು ಕುಣಿಯುತ್ತದೆ, ಹಾವು ಹೆಡೆಯಾಡಿಸುತ್ತದೆ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗ ಎಷ್ಟೇ ಸೊಗಸಾಗಿ ಚಿಮ್ಮಿದರೂ ಅದು ನೆಗೆತವೇ. ಅಲ್ಲದೆ ‘ಅವನು ಹೇಳಿದಂತೆ ಕುಣಿಯುತ್ತಾನೆ’ ಎಂಬಂಥ ಮಾತುಗಳಿಂದ ಈ ಪದಕ್ಕೆ ಸ್ವಲ್ಪ ಹಗುರವೂ ಅಂಟಿಕೊಂಡಿದೆ. ನಮ್ಮ ತಂಡದ ಭರತನಾಟ್ಯದ ಶಿಕ್ಷಕಿಯವರು ‘ಕುಣಿತ’ ಬೇಡವೆಂದದ್ದು ಇದೇ ಕಾರಣಕ್ಕೆ ಇರಬೇಕು. ಅವರ ಮನಸ್ಸು ನೋಯದಂತೆ ಹೇಳುವುದಾದರೆ, ಹಗುರವಾದದ್ದು ಪದವಲ್ಲ, ನಾವು ಅದನ್ನು ಊರಾಚೆ ಇಟ್ಟ ರೀತಿ.

ನನ್ನನ್ನು ಹೆಚ್ಚಾಗಿ ಕಾಡುತ್ತಿರುವುದು ‘ಆಡು’ ಎಂಬ ಧಾತು. ಬಯಲಾಟದಲ್ಲಿ ಅದು ಕುಣಿತವನ್ನೂ ಒಳಗೊಂಡ ಪ್ರದರ್ಶನ, ಅಲುಗಾಡುವಲ್ಲಿ ಬರಿಯ ಚಲನೆ, ಮಾತಾಡುವಲ್ಲಿ ನುಡಿ. ‘ಆಡಿದ ಮಾತು’ ಎನ್ನುವಾಗ ಬಾಯಿ ಆಡುತ್ತದೆ, ‘ತಲೆಯಾಡಿಸಿದ’ ಎನ್ನುವಾಗ ಮೈಯೇ ಉತ್ತರ ಕೊಡುತ್ತದೆ. ಮೈಯಾಡಿಸುವುದೇ ಮಾತಾಡುವುದಾಗಿರುವ ಜೇನಿಗೆ ಇದಕ್ಕಿಂತ ಒಪ್ಪುವ ಧಾತು ಇನ್ನೊಂದು ಇದೆಯೇ? ಹೀಗಾಗಿ ‘ಜೇನಾಟ’ ಎಂದು ಬರೆಯಲು ಕೈ ತವಕಿಸುತ್ತಿದೆ. ಅಡ್ಡಿ ಒಂದೇ: ‘ಆಟ’ವೆಂದೊಡನೆ ಇಂದಿನ ಮಗುವಿಗೆ ಚೆಂಡು ಬ್ಯಾಟು ನೆನಪಾಗುತ್ತವೆ, ಪೋಷಕರಿಗೆ ಕ್ರೀಡಾಶಿಬಿರ.

ಜೊತೆಗೆ ಒಂದು ಕಿರುಪ್ರಶ್ನೆ. ಜೀವವಿಜ್ಞಾನಿ ಎರ್ನ್ಸ್ಟ್ ಹೆಕೆಲ್ 1866ರಲ್ಲಿ ಗ್ರೀಕಿನ ‘ಮನೆ’ ಎಂಬ ಪದದಿಂದ ಕಟ್ಟಿದ ‘ಇಕಾಲಜಿ’ ಎಂಬ ಶಾಸ್ತ್ರದ ಹೆಸರಿಗೂ, ಸುತ್ತಲಿನ ಗಾಳಿ ನೀರು ನೆಲಕ್ಕೂ ನಾವು ‘ಪರಿಸರ’ ಎಂದೇ ಹೇಳುತ್ತಿದ್ದೇವೆ. ಹೂವು, ಹುಳು, ಬೇಲಿ, ರೈತ ಇವುಗಳ ನಡುವಣ ಕೊಡುಕೊಳ್ಳುವಿಕೆ ಆ ಒಂದು ಪದದಲ್ಲಿ ಕಾಣುವುದಿಲ್ಲವಾದ್ದರಿಂದ ಸದ್ಯಕ್ಕೆ ‘ಜೀವಪರಿಸರ’ ಎಂದು ತಿದ್ದಿದ್ದೇವೆ.

ಬಲ್ಲವರಲ್ಲಿ ನನ್ನ ಕೋರಿಕೆ ಇಷ್ಟು: ಶಿರಾ, ಪಾವಗಡ, ಮಧುಗಿರಿ ಕಡೆ ಜೇನು ಬಿಡಿಸುವವರು ಅಥವಾ ಪೆಟ್ಟಿಗೆಯಲ್ಲಿ ತುಡುವೆಜೇನು ಸಾಕುವವರು ಎರಿಯ ಮೇಲಿನ ಈ ಓಡಾಟವನ್ನು ಯಾವ ಮಾತಿನಿಂದ ಕರೆಯುತ್ತಾರೆ? ಅಂಥ ಪದವೊಂದು ಬಳಕೆಯಲ್ಲಿದ್ದರೆ ಮೇಲಿನ ನನ್ನ ತರ್ಕವನ್ನೆಲ್ಲ ಹಿಂತೆಗೆದುಕೊಂಡು ಅದನ್ನೇ ಅಚ್ಚಿಗೆ ಕೊಡುತ್ತೇನೆ. ಇಲ್ಲವಾದರೆ ‘ಜೇನಿನ ಕುಣಿತ’ ಮತ್ತು ‘ಜೇನಾಟ’ ಇವೆರಡರಲ್ಲಿ ನಿಮ್ಮ ಕಿವಿಗೆ ಯಾವುದು ಒಪ್ಪುತ್ತದೆಂದು ಕಾರಣಸಹಿತ ತಿಳಿಸಬೇಕಾಗಿ ವಿನಂತಿ.