ಸೋಲಾರ್ ಬ್ಯಾಕಪ್ ಕಾಯಿಲ್‌ಗೆ 20 ಆಂಪಿಯರ್ ಡಿಪಿ (ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯೋ) ಸ್ವಿಚ್ ಸಾಕಾ, 32 ಬೇಕಾ?

ವಿಜಯನಗರ_ಮೊದಲ್ನೇಮಹಡಿ
ಟೆರೇಸಿನ 200 ಲೀಟರ್ ಸೋಲಾರ್ ಟ್ಯಾಂಕಿಗೆ 3 ಕಿಲೋವ್ಯಾಟ್ ಬ್ಯಾಕಪ್ ಕಾಯಿಲ್ ಇದೆ. ಮೋಡ ಇದ್ದ ದಿನ ಬೆಳಿಗ್ಗೆ ಒಂದೂವರೆ ಗಂಟೆ ಓಡುತ್ತೆ. ಕೆಳಗಿನ ಬೋರ್ಡಿನಲ್ಲಿರೋದು 16 ಆಂಪಿಯರ್ ಮಾಮೂಲಿ ಸ್ವಿಚ್. ಅದರ ಒಂದು ಮೂಲೆ ಕಂದು ಬಣ್ಣಕ್ಕೆ ತಿರುಗಿದೆ, ಸುಟ್ಟ ವಾಸನೆಯೂ ಇದೆ. ವೈರು 2.5 ಸ್ಕ್ವೇರ್ ಎಂಎಂ ತಾಮ್ರ, ಟ್ಯಾಂಕಿನ ತನಕ ಸುಮಾರು 25 ಮೀಟರ್. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳೋ ಸ್ವಿಚ್) 32 ಆಂಪಿಯರ್. ಸ್ವಿಚ್ ಆಫ್ ಮಾಡಿದ್ದರೂ ಕೆಲವೊಮ್ಮೆ ಮನೆಯ ಆರ್‌ಸಿಸಿಬಿ (ಕರೆಂಟ್ ಅರ್ತಿಗೆ ಸೋರಿದರೆ ಕಡಿಯೋ ಸ್ವಿಚ್) ಬೀಳುತ್ತೆ. ಯಾವ ಸ್ವಿಚ್ ಹಾಕಿಸಲಿ?

ತಂತಿ_ಲೆಕ್ಕ
ಮೊದಲು ಆ ಎಂಸಿಬಿ ಆಫ್ ಮಾಡಿ, ಸರಿಯಾಗೋ ತನಕ ಕಾಯಿಲ್ ಹಾಕಬೇಡಿ.

3000 ವ್ಯಾಟನ್ನು 230ರಿಂದ ಭಾಗಿಸಿದರೆ 13 ಆಂಪಿಯರ್. ವೋಲ್ಟೇಜ್ 250ಕ್ಕೆ ಏರಿದರೆ ಅದೇ ಕಾಯಿಲ್ 14 ದಾಟುತ್ತೆ. ಗಂಟೆಗಟ್ಟಲೆ ಓಡೋ ಲೋಡಿಗೆ ಕಾಲು ಭಾಗ ಹೆಚ್ಚು ಇಟ್ಟುಕೊಂಡರೆ 16 ಮೀರುತ್ತೆ, ಹಾಗಾಗಿ 20 ಆಂಪಿಯರ್ ಡಿಪಿ ಲೆಕ್ಕಕ್ಕೆ ಸಾಕು. ಬಾಕ್ಸಿನಲ್ಲಿ ಜಾಗ ಇದ್ದರೆ ನಾನು 32ರದ್ದನ್ನೇ ಹೇಳ್ತೀನಿ. ಅದರ ಟರ್ಮಿನಲ್ ದೊಡ್ಡದು, ದಪ್ಪ ವೈರು ಸಲೀಸಾಗಿ ಕೂರುತ್ತೆ.

ನಿಮ್ಮಲ್ಲಿ ನಿಜವಾದ ಅಪಾಯ ಎಂಸಿಬಿ. ಅದು ಕಾಪಾಡೋದು ವೈರನ್ನ. ಕಾಂಡ್ಯೂಟ್ (ಪೈಪ್) ಒಳಗಿನ 2.5 ವೈರಿಗೆ 32 ಹಾಕಿದರೆ ವೈರು ಕಾದು ಇನ್ಸುಲೇಶನ್ ಹಾಳಾದರೂ ಅದು ಬೀಳಲ್ಲ. 20ರದ್ದು ಹಾಕಿಸಿ. ಕಾಯಿಲ್ ಆನ್ ಆಗೋ ಕ್ಷಣ ಕರೆಂಟ್ ಜಿಗಿಯಲ್ಲ, ಬಿ ಕರ್ವ್ (ಕರೆಂಟ್ ಜಿಗಿದರೆ ಬೇಗ ಬೀಳೋ ಬಗೆ) ಸಾಕು. ವೈರು ಬದಲಿಸೋದಾದರೆ 4 ಸ್ಕ್ವೇರ್ ಎಂಎಂ ಎಳೆಸಿ: 25 ಮೀಟರಿಗೆ ವೈರಿನಲ್ಲೇ 5 ವೋಲ್ಟ್ ಹತ್ತಿರ ನಷ್ಟ ಆಗ್ತಿರೋದು 3ಕ್ಕೆ ಇಳಿಯುತ್ತೆ.

ಬೋರ್ಡ್_ಬಿಚ್ಚಿ_ನೋಡಿ
13 ಆಂಪಿಯರಿಗೆ 16ರ ಸ್ವಿಚ್ ಸುಡಬಾರದು. ಒಂದೇ ಮೂಲೆ ಕಂದಾಗಿದೆ ಅಂದರೆ ಅಲ್ಲಿನ ಸ್ಕ್ರೂ ಸಡಿಲ ಇರೋ ಸಾಧ್ಯತೆಯೇ ಹೆಚ್ಚು. ಎಳೆಗಳನ್ನ ಕತ್ತರಿಸಿ ತೂರಿಸಿದ್ದರೆ, ಇನ್ಸುಲೇಶನ್ ಮೇಲೆ ಸ್ಕ್ರೂ ಕೂತಿದ್ದರೆ, ಒಂದೇ ತೂತಿಗೆ ಎರಡು ವೈರು ತುರುಕಿದ್ದರೆ ಹೀಗಾಗುತ್ತೆ. ಕಪ್ಪಾದ ತುದಿ ಕತ್ತರಿಸಿ, ಹೊಳೆಯೋ ತಾಮ್ರಕ್ಕೆ ಫೆರೂಲ್ (ಎಳೆಗಳನ್ನ ಒಟ್ಟಿಗೆ ಹಿಡಿಯೋ ಲೋಹದ ಪುಟ್ಟ ಕೊಳವೆ) ಒತ್ತಿ ಬಿಗಿಸಿ. ಬಿಗಿಸಿದ ಮೇಲೆ ವೈರು ಎಳೆದು ನೋಡಿ. ಇಷ್ಟು ಮಾಡದೆ ಹೊಸ ಸ್ವಿಚ್ ಹಾಕಿದರೆ ಅದೂ ಸುಡುತ್ತೆ.

ಡಿಪಿ ತಂದು ಫೇಸ್ ಮಾತ್ರ ಒಂದು ಪೋಲಿನಲ್ಲಿ ಹಾಯಿಸಿ, ನ್ಯೂಟ್ರಲ್ ಹಿಂದೆಯೇ ಜೋಡಿಸಿ ಬಿಡೋರು ಇದ್ದಾರೆ. ಆಗ ಡಿಪಿ ಹಾಕಿಯೂ ಪ್ರಯೋಜನ ಇಲ್ಲ. ಎರಡೂ ಸ್ವಿಚ್ಚಿನ ಮೂಲಕ ಹೋಗಬೇಕು, ಅರ್ತ್ ಮಾತ್ರ ನೇರವಾಗಿ. ಸ್ವಿಚ್ ಮೇಲೆ ಐಎಸ್ 3854 (ಸ್ವಿಚ್ಚಿನ ಭಾರತೀಯ ಮಾನಕ) ಗುರುತು ಇದೆಯಾ ನೋಡಿಕೊಳ್ಳಿ.

ವಿಜಯನಗರ_ಮೊದಲ್ನೇಮಹಡಿ
ಸರಿ ಸರ್. ಆಫ್ ಇದ್ದಾಗಲೂ ಆರ್‌ಸಿಸಿಬಿ ಬೀಳೋದು ಯಾಕೆ?

ತಂತಿ_ಲೆಕ್ಕ
ಈಗಿನ ಸ್ವಿಚ್ ಕಡಿಯೋದು ಫೇಸ್ ಮಾತ್ರ. ಕಾಯಿಲ್ ಮೈ ಬಿರುಕು ಬಿಟ್ಟು ನೀರು ಒಳಗೆ ಹೋಗಿದ್ದರೆ ನ್ಯೂಟ್ರಲ್ ಅರ್ತಿಗೆ ತಾಗಿರುತ್ತೆ. ಮನೆಯ ಬೇರೆ ಲೋಡುಗಳ ಕರೆಂಟು ಸ್ವಲ್ಪ ಆ ದಾರಿಯಲ್ಲಿ ಅರ್ತಿಗೆ ಹೋದರೂ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಬೀಳುತ್ತೆ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಸುಣ್ಣ ಕಟ್ಟಿ ಕಾಯಿಲ್ ಹೀಗೆ ಹಾಳಾಗೋದು ಮಾಮೂಲು. ಮೇನ್ ಆಫ್ ಮಾಡಿ, ಕಾಯಿಲ್‌ನ ಎರಡೂ ವೈರು ಬಿಚ್ಚಿ, 500 ವೋಲ್ಟ್ ಮೆಗ್ಗರ್ (ಕಾಯಿಲ್‌ಗೂ ಅರ್ತಿಗೂ ನಡುವಿನ ಇನ್ಸುಲೇಶನ್ ಅಳೆಯೋ ಮೀಟರ್) ಹಿಡಿಸಿ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಕಾಯಿಲ್ ಬದಲಿಸಲೇಬೇಕು. ಡಿಪಿ ಹಾಕಿದರೆ ಆಫ್ ಮಾಡಿದಾಗ ಟ್ರಿಪ್ ನಿಲ್ಲಬಹುದು, ಆದರೆ ಕಾಯಿಲ್ ಕೆಟ್ಟಿರೋದು ಹಾಗೇ ಇರುತ್ತೆ.

ಮಳೆ_ಬಿಸಿಲು
ಟ್ಯಾಂಕಿನ ಪಕ್ಕ ಇನ್ನೊಂದು ಡಿಪಿ ಐಸೊಲೇಟರ್ (ಕರೆಂಟ್ ಪೂರ್ತಿ ಕಡಿಯೋ ಸ್ವಿಚ್) ಇರಲಿ. ಮೇಲೆ ಕೆಲಸ ಮಾಡುವಾಗ ಕೆಳಗೆ ಯಾರೋ ಆನ್ ಮಾಡಿಬಿಡಬಾರದು. ಐಪಿ65 (ಧೂಳು, ನೀರು ಒಳಹೋಗದ) ಪೆಟ್ಟಿಗೆ, ಕೇಬಲ್ ಗ್ಲ್ಯಾಂಡ್ (ವೈರು ಒಳಬರೋ ಕಡೆಯ ಬಿಗಿ ಮುಚ್ಚಳ) ತಳದಿಂದಲೇ. ಮೇಲಿಂದ ತೂರಿಸಿದರೆ ವೈರಿನ ಜೊತೆ ಮಳೆನೀರೂ ಇಳಿಯುತ್ತೆ. ದಿನಾ ಆನ್ ಆಫ್ ಮಾತ್ರ ಕೆಳಗಿನ ಡಿಪಿಯಲ್ಲೇ ಮಾಡಿ, ಇಂಡಿಕೇಟರ್ ದೀಪ ಇರೋದನ್ನೇ ತನ್ನಿ.