ಮಡಗಾಂವಿನಲ್ಲಿ ಕಾರವಾರ ಆಕಾಶವಾಣಿ ಸ್ಪಷ್ಟವಾಗಿ ಕೇಳಿಸಲು ಎಂತಹ ಆಂಟೆನಾ ಬೇಕು?

ಪ್ರಶ್ನೆ (ಮಡಗಾಂವ್)

ನಮಸ್ಕಾರ. ನಾವು ನಾಲ್ಕು ಮಹಡಿಗಳ ಕಟ್ಟಡದ ಕೊನೆಯ ಮಹಡಿಯಲ್ಲಿದ್ದೇವೆ. ಅಂಕೋಲೆಯಿಂದ ಬಂದು ನಮ್ಮೊಂದಿಗಿರುವ ತಾಯಿಯವರಿಗೆ ಬೆಳಗಿನ ಕನ್ನಡ ವಾರ್ತೆಯನ್ನು ಕಾರವಾರ ಆಕಾಶವಾಣಿಯ 102.3 ಮೆಗಾಹರ್ಟ್ಸ್‌ನಲ್ಲಿಯೇ ಕೇಳುವ ರೂಢಿ; ಮೊಬೈಲಿನಲ್ಲಿ ಹಚ್ಚಿಕೊಟ್ಟರೆ ಅವರಿಗೆ ಒಗ್ಗುವುದಿಲ್ಲ. ನಮ್ಮ ಮ್ಯೂಸಿಕ್ ಸಿಸ್ಟಂನ ಆಂಟೆನಾ ತಂತಿಯನ್ನು ಕಿಟಕಿಯ ಸರಳಿಗೆ ಒತ್ತಿ ಹಿಡಿದರೆ ಮಾತು ಕೇಳಿಸುತ್ತದೆ, ಕೈ ಬಿಟ್ಟೊಡನೆ ಸುಯ್ಯೆನ್ನುವ ಸದ್ದಷ್ಟೇ ಉಳಿಯುತ್ತದೆ. ಅಂಗಡಿಯವರ ಮಾತು ನಂಬಿ ಬೂಸ್ಟರ್ ಇರುವ ಒಂದು ಆಂಟೆನಾ ತಂದೆ. ಅದನ್ನು ಜೋಡಿಸಿದ ಮೇಲೆ 105.4ರ ಪಣಜಿ ಕೇಂದ್ರವು ತನ್ನದಲ್ಲದ ಜಾಗಗಳಲ್ಲಿಯೂ ಕೇಳಿಸತೊಡಗಿತೇ ಹೊರತು ಕಾರವಾರ ಸುಧಾರಿಸಲಿಲ್ಲ. ತಾರಸಿಯ ಮೇಲೆ ದೂರದರ್ಶನದ ಕಾಲದ ಹಳೆಯ ಆಂಟೆನಾ ಕಂಬಸಮೇತ ನಿಂತಿದೆ. ಅದು ಉಪಯೋಗಕ್ಕೆ ಬರುತ್ತದೆಯೇ?

ಉತ್ತರ (ಫೋಂಡಾ)

ಮೊದಲು ಆ ಬೂಸ್ಟರ್ ತೆಗೆದುಬಿಡಿ. ಅದು ದುರ್ಬಲ ಕೇಂದ್ರದೊಂದಿಗೆ ಹತ್ತಿರದ ಪ್ರಬಲ ಕೇಂದ್ರವನ್ನೂ ಹಿಗ್ಗಿಸುತ್ತದೆ. ಆ ಭಾರವನ್ನು ತಾಳಲಾರದೆ ರೇಡಿಯೋದ ಒಳಗಿನ ಮೊದಲ ಹಂತವೇ ಹದಗೆಡುತ್ತದೆ. ಪಣಜಿ ಕಂಡಕಂಡಲ್ಲಿ ಕೇಳಿಸುವುದಕ್ಕೆ ಇದೇ ಕಾರಣ.

ಎಫ್.ಎಂ. ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗುವುದರಿಂದ ಎತ್ತರವೇ ಇಲ್ಲಿ ಮುಖ್ಯ. ಎರಡೂ ತುದಿಗಳ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅವುಗಳ ವರ್ಗಮೂಲಗಳನ್ನು ಕೂಡಿಸಿ 4.12ರಿಂದ ಗುಣಿಸಿದರೆ ಅಲೆಯು ಅಡ್ಡಿಯಿಲ್ಲದ ನೆಲದ ಮೇಲೆ ತಲುಪುವ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ಕಳಿಸುವ ಗೋಪುರ 100 ಮೀಟರ್, ನಿಮ್ಮ ಆಂಟೆನಾ 16 ಮೀಟರ್ ಎತ್ತರದಲ್ಲಿದ್ದರೆ ಅದು ಸುಮಾರು 58 ಕಿಲೋಮೀಟರ್ ಆಗುತ್ತದೆ. ಮಡಗಾಂವಿನಿಂದ ಕಾರವಾರಕ್ಕೆ ನೇರ ಅಂತರ ಐವತ್ತು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ನಡುವೆ ಕರ್ಮಲ್ ಘಾಟಿನ ಗುಡ್ಡಗಳು ಬೇರೆ. ಆದ್ದರಿಂದ ಮನೆಯೊಳಗಿನ ಆಂಟೆನಾ ಸಾಲದು, ತಾರಸಿಗೇ ಹೋಗಬೇಕು.

ಕಂಬವನ್ನು ಉಳಿಸಿಕೊಳ್ಳಿ, ಮೇಲಿನ ಹಳೆಯ ಆಂಟೆನಾವನ್ನು ಇಳಿಸಿ. ಅದರ ಕಡ್ಡಿಗಳನ್ನು ಟಿ.ವಿ. ಚಾನೆಲ್ಲಿನ ಅಳತೆಗೆ ಕತ್ತರಿಸಿರುತ್ತಾರೆ. 102.3ಕ್ಕೆ ಅರ್ಧ ಅಲೆಯ ಡೈಪೋಲ್ (ಒಂದೇ ನೇರದಲ್ಲಿರುವ ಎರಡು ಕಡ್ಡಿಗಳ ನಡುವೆ ಕೇಬಲ್ ಜೋಡಿಸುವ ಸರಳ ಆಂಟೆನಾ) ಸುಮಾರು 140 ಸೆಂಟಿಮೀಟರ್, ಅಂದರೆ ಎರಡು ಬದಿಗೆ ಎಪ್ಪತ್ತೆಪ್ಪತ್ತು. ನಿಮ್ಮಲ್ಲಿ ಇನ್ನೊಂದು ತೊಡಕಿದೆ. ಕಾರವಾರ ನಿಮಗೆ ದಕ್ಷಿಣಕ್ಕೆ, ತುಸು ಪೂರ್ವಕ್ಕೆ ವಾಲಿದಂತಿದೆ. ಪಣಜಿ ಹೆಚ್ಚುಕಡಿಮೆ ಅದರ ಬೆನ್ನಿಗೆ, ವಾಯವ್ಯದಲ್ಲಿದೆ. ಬರೀ ಡೈಪೋಲಿಗೆ ಹಿಂದು ಮುಂದು ಎಂಬ ಭೇದವಿಲ್ಲ. ಅದರ ಹಿಂದೆ, ಅಂದರೆ ಪಣಜಿಯ ಕಡೆಗೆ, ಸುಮಾರು 60 ಸೆಂಟಿಮೀಟರ್ ದೂರದಲ್ಲಿ 147 ಸೆಂಟಿಮೀಟರಿನ ಒಂದು ಪ್ರತಿಫಲಕ ಕಡ್ಡಿಯನ್ನೂ, ಮುಂದೆ 45 ಸೆಂಟಿಮೀಟರ್ ದೂರದಲ್ಲಿ 132 ಸೆಂಟಿಮೀಟರಿನ ಇನ್ನೊಂದು ಕಡ್ಡಿಯನ್ನೂ ಸಮಾನಾಂತರವಾಗಿ ಕೂರಿಸಿದರೆ ಮೂರು ಕಡ್ಡಿಗಳ ಯಾಗಿ ಆಂಟೆನಾ ಆಗುತ್ತದೆ. ಅದು ಬೆನ್ನ ಹಿಂದಿನಿಂದ ಬರುವುದನ್ನು ಗಣನೀಯವಾಗಿ ತಗ್ಗಿಸುತ್ತದೆ. ಅಂಗಡಿಯಲ್ಲಿ ಸಿದ್ಧವಾಗಿ ಸಿಕ್ಕರೂ ಈ ಅಳತೆಗಳನ್ನು ನೋಡಿಯೇ ಕೊಳ್ಳಿ. ಕೆಳಗಿಳಿಸಲು ಡಿಶ್‌ಗೆ ಬಳಸುವ 75 ಓಮ್‌ನ ಆರ್‌ಜಿ-6 ಕೇಬಲ್ ಸಾಕು.

ಉತ್ತರ (ವಾಸ್ಕೋ)

ಮೇಲಿನವರು ಹೇಳಿದ್ದು ಸರಿ. ಆದರೆ ಹಣ ಹಾಕುವ ಮೊದಲು ಬಿದಿರಿನ ಗಳಕ್ಕೆ ಎಪ್ಪತ್ತು ಸೆಂಟಿಮೀಟರಿನ ಎರಡು ತಂತಿಗಳನ್ನು ಕಟ್ಟಿ, ಕೇಬಲ್ ಜೋಡಿಸಿ, ತಾರಸಿಯಲ್ಲಿ ಒಂದು ಸಂಜೆ ಪರೀಕ್ಷಿಸಿರಿ. ಗಳವನ್ನು ಮಲಗಿಸಿಯೂ ನಿಲ್ಲಿಸಿಯೂ ಕೇಳಿ, ಯಾವುದರಲ್ಲಿ ಧ್ವನಿ ಸ್ಪಷ್ಟವೋ ಆಂಟೆನಾದ ಕಡ್ಡಿಗಳನ್ನು ಹಾಗೆಯೇ ಇಡಬೇಕು. ಮನೆಯ ಎಲ್ಇಡಿ ದೀಪಗಳನ್ನೂ ಚಾರ್ಜರುಗಳನ್ನೂ ಒಂದೊಂದಾಗಿ ಆರಿಸಿ ನೋಡಿ. ನಮ್ಮಲ್ಲಿ ಅಡುಗೆಮನೆಯ ಒಂದೇ ಒಂದು ಅಗ್ಗದ ಬಲ್ಬು ಇಡೀ ಸದ್ದಿಗೆ ಮೂಲವಾಗಿತ್ತು. ಮ್ಯೂಸಿಕ್ ಸಿಸ್ಟಂನಲ್ಲಿ ಮೋನೋ ಗುಂಡಿಯಿದ್ದರೆ ಒತ್ತಿರಿ, ವಾರ್ತೆಗೆ ಸ್ಟೀರಿಯೋ ಬೇಕಿಲ್ಲ, ಸುಯ್ಯೆನ್ನುವುದು ಅಲ್ಲಿಯೇ ಬಹಳ ಇಳಿಯುತ್ತದೆ. ಕಡಲ ಗಾಳಿಗೆ ಕಬ್ಬಿಣದ ತಿರುಪುಗಳು ಬೇಗ ತುಕ್ಕು ಹಿಡಿಯುತ್ತವೆ, ಸ್ಟೀಲಿನವನ್ನೇ ಹಾಕಿಸಿ. ಕಂಬಕ್ಕೆ ಅರ್ಥಿಂಗ್ ಇಲ್ಲದೆ ಮಾತ್ರ ಮುಂದುವರಿಯಬೇಡಿ, ಗುಡುಗಿನ ದಿನಗಳಲ್ಲಿ ಕೇಬಲನ್ನು ಕಳಚಿಡಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಬಿದಿರಿನ ಗಳದಲ್ಲಿಯೇ ಮಾತು ತಿಳಿಯುವಷ್ಟಾಯಿತು, ಮಲಗಿಸಿದಾಗ ಹೆಚ್ಚು ಚೆನ್ನಾಗಿತ್ತು. ನಂತರ ಮೂರು ಕಡ್ಡಿಗಳ ಆಂಟೆನಾ ಮಾಡಿಸಿದೆವು. ನಾನು ತಾರಸಿಯಲ್ಲಿ ಕಂಬ ತಿರುಗಿಸುತ್ತಿದ್ದೆ, ತಾಯಿಯವರು ಕೆಳಗೆ ರೇಡಿಯೋ ಮುಂದೆ ಕುಳಿತು ಮಗಳ ಫೋನಿನಲ್ಲಿ "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಎನ್ನುತ್ತಿದ್ದರು. ನಕ್ಷೆಯಲ್ಲಿ ಎಳೆದ ಗೆರೆಗಿಂತ ಒಂದು ಗೇಣಿನಷ್ಟು ಕಡಲಿನ ಕಡೆಗೆ ಸರಿಸಿದಾಗ ಧ್ವನಿ ತಿಳಿಯಾಯಿತು. ಗುಡ್ಡಗಳ ಅಡ್ಡಿ ಆ ಬದಿಯಲ್ಲಿ ಕಡಿಮೆಯಿರಬೇಕು. ಗಾಳಿಗೆ ಕಂಬ ತಿರುಗಿದರೆ ತಿಳಿಯಲೆಂದು ಕ್ಲಾಂಪಿನ ಮೇಲೂ ಕಂಬದ ಮೇಲೂ ಒಂದೇ ನೇರದಲ್ಲಿ ಬಣ್ಣದ ಗೆರೆ ಎಳೆದಿದ್ದೇನೆ. ಅರ್ಥಿಂಗ್ ಕೆಲಸಕ್ಕೆ ಎಲೆಕ್ಟ್ರಿಷಿಯನ್ ಭಾನುವಾರ ಬರುತ್ತಾರೆ, ಅಲ್ಲಿಯವರೆಗೆ ವಾರ್ತೆ ಮುಗಿದೊಡನೆ ಕೇಬಲ್ ಕಳಚಿಡುತ್ತಿದ್ದೇವೆ.