ಊರಿನ ಕಲಾ ಉತ್ಸವಕ್ಕೆ ಬಗೆಬಗೆಯ ಬರಹಗಾರರನ್ನು ಕರೆದವರು ಅನುಭವ ಹೇಳಿ

ಕೇಳಿದವರು, ಕೊಪ್ಪಳ

ಎಲ್ಲರಿಗೂ ನಮಸ್ಕಾರ. ನಾವು ಹತ್ತು ಜನ ಗೆಳೆಯರು ಸೇರಿ ವರ್ಷಕ್ಕೊಮ್ಮೆ ಎರಡು ದಿನದ ಸಣ್ಣ ಕಲಾ ಉತ್ಸವ ಮಾಡುತ್ತೇವೆ. ಹಾಡು, ಒಂದು ನಾಟಕ, ಚಿತ್ರ ಪ್ರದರ್ಶನ, ಕಿನ್ನಾಳದ ಬಣ್ಣದ ಗೊಂಬೆಗಳ ಮಳಿಗೆ, ಇಷ್ಟೇ ಇರುತ್ತಿತ್ತು. ಈ ಸಲ ಬರಹಗಾರರನ್ನೂ ಕರೆಯೋಣ ಅಂತ ತೀರ್ಮಾನ ಆಗಿದೆ. ಗಜಲ್ ಕವಿ ಒಬ್ಬರು, ಪತ್ತೇದಾರಿ ಕಾದಂಬರಿಕಾರರು ಒಬ್ಬರು, ಮಕ್ಕಳ ಕಥೆ ಬರೆಯುವ ಮೇಡಂ, ತೆಲುಗಿನಿಂದ ಅನುವಾದ ಮಾಡುವವರು, ನಾಟಕಕಾರರು, ಆರೋಗ್ಯದ ಬಗ್ಗೆ ಬರೆಯುವ ಡಾಕ್ಟರ್. ಒಟ್ಟು ಆರು ಜನ. ಶನಿವಾರ ಬೆಳಿಗ್ಗೆ 10ಕ್ಕೆ ಎಲ್ಲರನ್ನೂ ಒಂದೇ ಗೋಷ್ಠಿಯಲ್ಲಿ ಕೂಡಿಸುವ ಯೋಚನೆ. ಸರಿನಾ? ಗೌರವಧನ ಎಷ್ಟು ಕೊಡಬೇಕು? ಪುಸ್ತಕ ಮಾರಾಟ ಹೇಗೆ? ಬರಹಗಾರರಿಗೆ ಅಂತ ನಮ್ಮ ಹತ್ತಿರ ಇರುವುದು ಐವತ್ತು ಸಾವಿರ. ಗವಿಮಠದ ಜಾತ್ರೆ ಹೊತ್ತಿಗೇ ಮಾಡಿದರೆ ಜನ ಸಿಗುತ್ತಾರೆ ಅಂತ ನಮ್ಮಲ್ಲಿ ಕೆಲವರು, ಬೇಡವೇ ಬೇಡ ಅಂತ ಕೆಲವರು. ಮಾಡಿ ನೋಡಿದವರು ಹೇಳಿ.

ಸಿಂಧನೂರು, ಕಾಲೇಜು ಮಾಸ್ತರ್

ತಮ್ಮಾ, ಆರೂ ಜನರನ್ನು ಒಂದೇ ಗೋಷ್ಠಿಗೆ ಕೂಡಿಸಬೇಡಿ. ನಾವು ಮಾಡಿ ಕೆಟ್ಟಿದ್ದೇವೆ.

ಕೆಲವು ವರ್ಷದ ಹಿಂದೆ 'ಸಾಹಿತ್ಯದ ವಿವಿಧ ಪ್ರಕಾರಗಳು' ಅಂತ ದೊಡ್ಡ ಹೆಸರಿಟ್ಟು ಐದು ಜನರನ್ನು ಕರೆದಿದ್ದೆವು. ಆಮಂತ್ರಣ ಪತ್ರಿಕೆಯಲ್ಲಿ 10 ಗಂಟೆ. ಉದ್ಘಾಟಕರು ಬಂದಿದ್ದು 11.20ಕ್ಕೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ, ಹಾರ ಎಲ್ಲ ಮುಗಿದು ಮೊದಲ ಬರಹಗಾರರ ಕೈಗೆ ಮೈಕ್ ಸಿಕ್ಕಾಗ 12.30. ಗಜಲ್ ಕವಿ ಓದಿದ್ದು ಒಂದೂವರೆಗೆ, ತಗಡಿನ ಶೆಡ್ ಕೆಳಗೆ. ಬೆಳದಿಂಗಳ ಮೇಲಿನ ಗಜಲ್ ಅದು! ಕೇಳುವವರು ಆಮಂತ್ರಣ ಪತ್ರಿಕೆಯಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಹಿಂದಿನಿಂದ ಪಲಾವ್ ವಾಸನೆ ಬೇರೆ. ಪತ್ತೇದಾರಿ ಕಾದಂಬರಿಕಾರರ ಸರದಿ ಬರುವಷ್ಟರಲ್ಲಿ ಅಧ್ಯಕ್ಷರ ಕಡೆಯಿಂದ ಚೀಟಿ ಹೋಯಿತು: 'ಐದು ನಿಮಿಷ'. ಅವರು ನಾಲ್ಕು ನಿಮಿಷ ಮಾತಾಡಿ ಕೂತುಬಿಟ್ಟರು.

ಊಟ ಆದ ಮೇಲೆ ನಡೆದದ್ದು ಕೇಳಿ. ಅದೇ ಕಾದಂಬರಿಕಾರರು ಬೇವಿನ ಮರದ ಕಟ್ಟೆ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದರು. ಒಬ್ಬ ಪಿಯುಸಿ ಹುಡುಗ ಹೋಗಿ, 'ಸರ್, ಕೊಲೆ ಮಾಡಿದವ ಯಾರಂತ ನಿಮಗ ಮೊದಲೇ ಗೊತ್ತಿರ್ತದೇನ್ರೀ?' ಅಂದ. ಅವರು ಬ್ಯಾಗಿನಿಂದ ಇನ್ನೂರು ಪೇಜಿನ ನೋಟ್‌ಬುಕ್ ತೆಗೆದರು. ಒಂದು ಪುಟದ ತುಂಬ ಒಂದು ಮನೆಯ ನಕ್ಷೆ. ಬಾಗಿಲು ಎಲ್ಲಿ, ಕಿಟಕಿ ಎಲ್ಲಿ, ರಾತ್ರಿ ಒಂಬತ್ತಕ್ಕೆ ಯಾರು ಯಾವ ಕೋಣೆಯಲ್ಲಿದ್ದರು, ಎಲ್ಲ ಪೆನ್ಸಿಲ್‌ನಲ್ಲಿ. ಸುಳಿವನ್ನು ಬಚ್ಚಿಡಬಾರದು, ಎಲ್ಲರ ಕಣ್ಣೆದುರೇ ಇಟ್ಟು ಓದುವವರನ್ನು ಬೇರೆ ಕಡೆ ನೋಡುವಂತೆ ಮಾಡಬೇಕು ಅಂತ ಹೇಳಿ, ಅಲ್ಲೇ ಇದ್ದ ಸ್ಟೀಲ್ ಲೋಟ, ಒಂದು ಜೊತೆ ಚಪ್ಪಲಿ, ಒಬ್ಬರ ಕನ್ನಡಕ ಇಟ್ಟುಕೊಂಡು ಒಂದು ಸಣ್ಣ ಕೊಲೆಯನ್ನೇ ಕಟ್ಟಿ ತೋರಿಸಿದರು. ನೋಡನೋಡುತ್ತಾ ಅರವತ್ತು ಜನ ಸೇರಿದರು. ಅತ್ತ ವೇದಿಕೆ ಮೇಲೆ ಎರಡನೇ ಗೋಷ್ಠಿ ಶುರುವಾಗಿತ್ತು. ಎದುರಿಗೆ ಬರೀ ಕುರ್ಚಿ.

ಮರುವರ್ಷ ನಾವು ಹೊತ್ತು, ಜಾಗ ಎರಡನ್ನೂ ಬದಲಿಸಿದೆವು. ಪತ್ತೇದಾರಿಯವರಿಗೆ ವೇದಿಕೆ ಇಲ್ಲ, ಒಂದು ಕರಿಹಲಗೆ, ಸುತ್ತ ಜಮಖಾನ. ಗಜಲ್ ರಾತ್ರಿ ಎಂಟೂವರೆಗೆ, ಮಾಳಿಗೆ ಮೇಲೆ. ನಮ್ಮ ರಾಯಚೂರು ಕಡೆ ಗಜಲ್ ಕೇಳುವ ಕಿವಿ ಇದೆ ಕಣ್ರೀ. 1948ರ ತನಕ ನಿಜಾಮರ ಆಳ್ವಿಕೆ, ಆಡಳಿತದಲ್ಲಿ ಉರ್ದು. ಹಳಬರ ಮನೆಯಲ್ಲಿ ಆ ಲಯ ಇನ್ನೂ ಉಳಿದಿದೆ. ಕನ್ನಡ ಗಜಲ್ ಅಂದರೆ ಇಲ್ಲಿ ಮೊದಲು ಬರುವ ಹೆಸರು ಶಾಂತರಸರದು, ಅವರೂ ಇದೇ ಜಿಲ್ಲೆಯವರು. ಆದರೆ ಹೊಸ ಹುಡುಗರಿಗೆ ಓದುವ ರೀತಿ ಗೊತ್ತಿರಲಿಲ್ಲ. ಅದಕ್ಕೆ ಕವಿಯೇ ಮೊದಲು ಎರಡು ನಿಮಿಷ ಹೇಳಿದರು. ಸಾಲಿನ ಕೊನೆಗೆ ಮತ್ತೆ ಮತ್ತೆ ಬರುವುದು ರದೀಫ್, ಅದರ ಹಿಂದಿನ ಪ್ರಾಸ ಕಾಫಿಯಾ. ಮೊದಲ ದ್ವಿಪದಿಯ ಎರಡೂ ಸಾಲಿನಲ್ಲಿ ಇವು ಬರುತ್ತವೆ, ಆಮೇಲೆ ಪ್ರತಿ ದ್ವಿಪದಿಯ ಎರಡನೇ ಸಾಲಿನಲ್ಲಿ. ಕವಿ ಮೇಲಿನ ಸಾಲನ್ನು ಎರಡು ಸಲ ಓದಿ ನಿಲ್ಲಿಸುತ್ತಿದ್ದರು. ಮೂರನೇ ಗಜಲ್‌ನಿಂದ ರದೀಫನ್ನು ಜನರೇ ಹೇಳತೊಡಗಿದರು. ಹನ್ನೊಂದಾದರೂ ಯಾರೂ ಏಳಲಿಲ್ಲ.

ಇನ್ನೊಂದು ಮಾತು. ಮಾತುಕತೆ ನಡೆಸಿಕೊಡುವವರು ಪುಸ್ತಕ ಓದಿರಬೇಕು. ತಿಂಗಳ ಮೊದಲೇ ಪುಸ್ತಕ ಕೊಂಡು ಅವರ ಮನೆಗೆ ತಲುಪಿಸಿ. 'ನಿಮಗೆ ಬರೆಯಲು ಪ್ರೇರಣೆ ಏನು' ಅಂತ ಯಾರಾದರೂ ಶುರು ಮಾಡಿದರು ಅಂದರೆ ಓದಿಲ್ಲ ಅಂತಲೇ ಲೆಕ್ಕ.

ಬಳ್ಳಾರಿ, ಪುಸ್ತಕದ ಅಂಗಡಿಯವರು

ಮಾರಾಟದ ಬಗ್ಗೆ ಮಾತ್ರ ಹೇಳುತ್ತೇನೆ ಸರ್. ನೀವೇ ದುಡ್ಡು ಹಾಕಿ ಪುಸ್ತಕ ತರಿಸಬೇಡಿ. ಉಳಿದದ್ದನ್ನು ವಾಪಸ್ ಕೊಡುವ ಮಾತಿನ ಮೇಲೆ ಪ್ರಕಾಶಕರಿಂದ ತರಿಸಿ, ಇಲ್ಲ ಊರಿನ ಅಂಗಡಿಯವರಿಗೇ ಮೇಜು ಕೊಟ್ಟುಬಿಡಿ. ಮುಖಬೆಲೆಯಲ್ಲಿ ನನಗೆ ಬಿಡುವುದು ಒಬ್ಬೊಬ್ಬ ಪ್ರಕಾಶಕರದು ಒಂದೊಂದು ಥರ. ಓದುಗರಿಗೆ ಶೇ. 10 ಬಿಟ್ಟರೂ ಗಿಟ್ಟುತ್ತದೆ.

ಮೇಜು ಎಲ್ಲಿಡುತ್ತೀರಿ ಅನ್ನುವುದು ಮುಖ್ಯ. ಒಂದು ಉತ್ಸವದಲ್ಲಿ ನನಗೆ ವೇದಿಕೆ ಹಿಂದೆ ಜನರೇಟರ್ ಪಕ್ಕ ಜಾಗ ಕೊಟ್ಟಿದ್ದರು. ದಿನವಿಡೀ ಆರು ಪುಸ್ತಕ ಹೋದವು, ಅದರಲ್ಲಿ ಎರಡು ಜನರೇಟರ್ ಹುಡುಗನೇ ತಗೊಂಡ. ಚಹಾ ಕೊಡುವ ಜಾಗಕ್ಕೂ ಹೊರಗೆ ಹೋಗುವ ದಾರಿಗೂ ನಡುವೆ ಮೇಜು ಹಾಕಿ. ಬರಹಗಾರರು ಮಾತು ಮುಗಿಸಿ ಕೆಳಗಿಳಿದ ಮೇಲಿನ ಹದಿನೈದು ನಿಮಿಷದಲ್ಲೇ ನನ್ನ ಅರ್ಧ ವ್ಯಾಪಾರ. ಆ ಹೊತ್ತಿನಲ್ಲಿ ಅವರನ್ನು ಸನ್ಮಾನಕ್ಕೆ, ಫೋಟೋಕ್ಕೆ, ಯಾರದೋ ಮನೆಯ ಚಹಾಕ್ಕೆ ಎಳೆದುಕೊಂಡು ಹೋಗಬೇಡಿ. ಮೇಜಿನ ಹತ್ತಿರ ಒಂದು ಕುರ್ಚಿ, ಎರಡು ಪೆನ್ನು. ಸಹಿ ಬೇಕಾದವರ ಹೆಸರನ್ನು ಮೊದಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ಶರಣಬಸವ, ಶರಣಬಸಪ್ಪ, ಶರಣಪ್ಪ ಗದ್ದಲದಲ್ಲಿ ಒಂದೇ ಥರ ಕೇಳಿಸುತ್ತದೆ. ತಪ್ಪು ಹೆಸರು ಬಿದ್ದ ಪುಸ್ತಕ ಆಮೇಲೆ ನನ್ನ ತಲೆಗೇ ಬರುತ್ತದೆ.

ಚಿಲ್ಲರೆ ಇಟ್ಟುಕೊಳ್ಳಿ. ಜನ ಜಾಸ್ತಿ ಸೇರಿದರೆ ನೆಟ್‌ವರ್ಕ್ ಸಿಗದೆ ಫೋನ್‌ಪೇ ಸುತ್ತುತ್ತಲೇ ಇರುತ್ತದೆ. ಮಕ್ಕಳ ಪುಸ್ತಕದಲ್ಲಿ ಐವತ್ತು ರೂಪಾಯಿ ಒಳಗಿನವು ಮುಂದೆ ಇರಲಿ, ಮಕ್ಕಳೇ ತಮ್ಮ ದುಡ್ಡಿನಲ್ಲಿ ಕೊಳ್ಳುತ್ತಾರೆ.

ರಾಯಚೂರು, ನಾನೇ ಒಬ್ಬ ಬರಹಗಾರ

ಗೌರವಧನದ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ, ನಾನು ಬಿಡುತ್ತೇನೆ. ಒಂದು ಊರಿಗೆ ಕರೆದಿದ್ದರು. 'ಎಲ್ಲ ನೋಡಿಕೊಳ್ಳುತ್ತೇವೆ ಸರ್' ಅಂದಿದ್ದರು. ಬಸ್ಸಿಗೆ ಹೋಗಿ ಬರಲು ನನಗೆ 940 ರೂಪಾಯಿ ಆಯಿತು. ಕೊನೆಗೆ ಕೈಗಿಟ್ಟ ಕವರಿನಲ್ಲಿ 500, ಮೇಲೆ ಒಂದು ಮೂರು ಕೆಜಿಯ ಸ್ಮರಣಿಕೆ. ಆ ಸ್ಮರಣಿಕೆಗೆ ಸಾವಿರಕ್ಕೆ ಕಡಿಮೆ ಇರಲಿಲ್ಲ! ಮನೆಯಲ್ಲಿ ಅಂಥವು ಅಟ್ಟದ ತುಂಬ ಇವೆ.

ನಿಮ್ಮದು ಐವತ್ತು ಸಾವಿರ ಅಲ್ವಾ? ಆರು ಜನರಿಗೆ ತಲಾ ಐದು ಸಾವಿರ ಅಂದರೆ ಮೂವತ್ತು. ಉಳಿದ ಇಪ್ಪತ್ತು ಪ್ರಯಾಣಕ್ಕೆ, ರೂಮಿಗೆ. ಮೊದಲ ಪತ್ರದಲ್ಲೇ ಅಂಕಿ ಬರೆಯಿರಿ. ಪ್ರಯಾಣದ ಖರ್ಚು ಬೇರೆ, ಗೌರವಧನ ಬೇರೆ ಅಂತಲೂ ಬರೆಯಿರಿ. ಕಡಿಮೆ ಆದರೆ ಕಡಿಮೆ, ಹೇಳಿದರೆ ಯಾರಿಗೂ ಬೇಜಾರಿಲ್ಲ. ಆದರೆ ಕಾದಂಬರಿಕಾರರಿಗೆ ಹತ್ತು, ಮಕ್ಕಳ ಕಥೆಯವರಿಗೆ ಎರಡು ಅಂತ ಮಾಡಬೇಡಿ. ಅವರು ಅವರು ಮಾತಾಡಿಕೊಳ್ಳುತ್ತಾರೆ, ಗೊತ್ತಾಗಿಯೇ ಆಗುತ್ತದೆ.

ಬೆಂಗಳೂರಿನಿಂದ ಬರುವವರಿದ್ದರೆ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹತ್ತಿ ಬೆಳಿಗ್ಗೆ ಕೊಪ್ಪಳದಲ್ಲಿ ಇಳಿಯುತ್ತಾರೆ. ಅಂಥವರನ್ನು ಅವತ್ತೇ 10ಕ್ಕೆ ಕೂಡಿಸಬೇಡಿ. ಸ್ನಾನ, ತಿಂಡಿ, ಒಂದು ಗಂಟೆ ಸುಮ್ನೆ ಒರಗುವುದು ಬೇಕು. ಸ್ಟೇಷನ್ನಿಗೆ ಒಬ್ಬರು ಹೋಗಲೇಬೇಕು. 'ಆಟೋ ಹಿಡಿದು ಬಂದುಬಿಡಿ ಸರ್' ಅನ್ನುವ ಫೋನು ನನಗೆ ಎರಡು ಸಲ ಬಂದಿದೆ.

ಗಂಗಾವತಿ

ರಾಯಚೂರು ಸರ್ ಹೇಳಿದ ದುಡ್ಡಿನ ಮಾತು ಒಪ್ಪುತ್ತೇನೆ. ಸ್ಮರಣಿಕೆ ಬಿಟ್ಟರೂ ಸರಿ, ಶಾಲು ಮಾತ್ರ ಬಿಡಬೇಡಿ. ನಾವು ಒಮ್ಮೆ ಶಾಲು ಕೈಬಿಟ್ಟು ಪುಸ್ತಕ ಕೊಟ್ಟೆವು. ಹಿರಿಯರೊಬ್ಬರು ಅಲ್ಲಿ ಏನೂ ಅನ್ನಲಿಲ್ಲ, ಆರು ತಿಂಗಳು ನಮ್ಮ ಫೋನ್ ಎತ್ತಲಿಲ್ಲ.

ಜಾತ್ರೆ ಹೊತ್ತಿಗೆ ಬೇಡ. ಜಾತ್ರೆಗೆ ಬಂದವರು ತೇರು ನೋಡುತ್ತಾರೆ, ದಾಸೋಹದಲ್ಲಿ ಉಣ್ಣುತ್ತಾರೆ, ಅಂಗಡಿ ಸುತ್ತುತ್ತಾರೆ. ಲಕ್ಷಗಟ್ಟಲೆ ಜನರಲ್ಲಿ ನಿಮ್ಮ ಪೆಂಡಾಲು ಕಾಣುವುದಿಲ್ಲ. ಬಸ್ಸು ತುಂಬಿರುತ್ತವೆ, ಲಾಡ್ಜಿನಲ್ಲಿ ರೂಮು ಸಿಗುವುದಿಲ್ಲ. ತಾರೀಖು ಪಂಚಾಂಗದ ಪ್ರಕಾರ ಬೇರೆ ಸರಿಯುತ್ತದೆ. 2024ರಲ್ಲಿ ತೇರು ಜನವರಿ 27ಕ್ಕೆ, 2025ರಲ್ಲಿ 15ಕ್ಕೆ. ಫೆಬ್ರುವರಿ ಮೊದಲ ವಾರ ಇಟ್ಟುಕೊಳ್ಳಿ. ಅದನ್ನೂ ದಾಟಿದರೆ ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ಅಂತ ಮಕ್ಕಳೂ ಬರುವುದಿಲ್ಲ, ಮಾಸ್ತರರೂ ಬರುವುದಿಲ್ಲ. ಆಮೇಲೆ ಬಿಸಿಲು.

ಸಂಡೂರು, ಹೈಸ್ಕೂಲ್ ಟೀಚರ್

ಮಕ್ಕಳ ಕಥೆಯ ಮೇಡಂ ಬಗ್ಗೆ ಹೇಳಲೇಬೇಕು. ಒಂದು ವರ್ಷ ಐದು ಶಾಲೆಯಿಂದ ಮುನ್ನೂರು ಮಕ್ಕಳನ್ನು ಮೈದಾನದಲ್ಲಿ ಕೂಡಿಸಿದ್ದೆವು. ಕುಡಿಯುವ ನೀರಿನ ಕ್ಯಾನು ಎರಡೇ. ಲೇಖಕಿ ಮೈಕಿನಲ್ಲಿ ಕಥೆ ಶುರು ಮಾಡಿದರು. ಹಿಂದಿನ ಸಾಲಿನವರಿಗೆ ಕೇಳಿಸಿದ್ದು ಬರೀ ಗುಂಯ್ ಅನ್ನುವ ಸದ್ದು. ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು. ಪ್ರಶ್ನೆ ಇರಬೇಕು ಅಂತ ಲೇಖಕಿಗೆ ಖುಷಿ. ಅವಳು, 'ಟೀಚರ್, ಒಂದಕ್ಕೆ' ಅಂದಳು. ಅಷ್ಟೇ, ಹಿಂದೆಯೇ ನಲವತ್ತು ಕೈ ಎದ್ದವು.

ಈಗ ನಾವು ಉತ್ಸವದ ಹಿಂದಿನ ದಿನವೇ ಲೇಖಕಿಯನ್ನು ಶಾಲೆಗೆ ಕರೆದುಕೊಂಡು ಹೋಗುತ್ತೇವೆ. ಒಂದು ಕೋಣೆ, ಮೂವತ್ತೈದು ಮಕ್ಕಳು, ಮೈಕಿಲ್ಲ. ಅರ್ಧ ಕಥೆ ಅವರು ಹೇಳುತ್ತಾರೆ, ಉಳಿದರ್ಧ ಮಕ್ಕಳು ಬರೆಯುತ್ತಾರೆ. ಮರುದಿನ ಅದನ್ನೇ ಉತ್ಸವದ ಗೋಡೆಗೆ ಅಂಟಿಸುತ್ತೇವೆ. ತಮ್ಮ ಹಾಳೆ ತೋರಿಸಲು ಮಕ್ಕಳು ಅಪ್ಪ, ಅಮ್ಮ, ಅಜ್ಜಿ ಎಲ್ಲರನ್ನೂ ಎಳೆದುಕೊಂಡು ಬರುತ್ತಾರೆ. ಜನ ಬರ್ತಾರಾ ಅನ್ನುವ ಚಿಂತೆ ನಿಮಗೂ ಇರಬೇಕಲ್ಲ, ಅದಕ್ಕೆ ಹೇಳಿದೆ.

ನಿಮ್ಮ ಪಟ್ಟಿಯಲ್ಲಿ ಒಂದು ಕೊರತೆ ಕಾಣಿಸಿತು. ಹಾಡಿ ಕಥೆ ಕಟ್ಟುವವರು ಒಬ್ಬರೂ ಇಲ್ಲ. ನಮ್ಮ ತಾಲ್ಲೂಕಿನ ದರೋಜಿ ಈರಮ್ಮ ಓದು ಬರಹ ಕಲಿತವರಲ್ಲ. ರಾತ್ರಿಗಟ್ಟಲೆ ಹಾಡುವಷ್ಟು ಬುರ್ರಕಥೆ ಕಾವ್ಯಗಳು ಅವರ ನೆನಪಿನಲ್ಲೇ ಇದ್ದವು. 2014ರಲ್ಲಿ ತೀರಿಕೊಂಡರು. 2021ರಲ್ಲಿ ಪದ್ಮಶ್ರೀ ಬಂದ ಮಂಜಮ್ಮ ಜೋಗತಿಯವರ ಜೀವನ ಕಥೆಯೂ ಅವರು ಬಾಯಲ್ಲಿ ಹೇಳಿ ಇನ್ನೊಬ್ಬರು ಬರೆದುಕೊಂಡದ್ದು. ಕೊಪ್ಪಳದ ಸುತ್ತ ತತ್ವಪದದವರು, ಬಯಲಾಟದ ಪದ ಕಟ್ಟುವವರು ಸಿಗದೇ ಇರುತ್ತಾರಾ? ಅವರನ್ನು 'ಮನರಂಜನೆ' ಅಂತ ಕೊನೆಗೆ ಇಡಬೇಡಿ. ಬರಹಗಾರರ ಪಟ್ಟಿಯಲ್ಲೇ ಹೆಸರು ಹಾಕಿ, ದುಡ್ಡೂ ಅಷ್ಟೇ ಕೊಡಿ.

ಬಳ್ಳಾರಿ, ಇನ್ನೊಬ್ಬರು

ಅನುವಾದದವರನ್ನು ಭಾಷಣಕ್ಕೆ ನಿಲ್ಲಿಸಬೇಡಿ, ಕೆಲಸ ಮಾಡಿಸಿ. ಬಳ್ಳಾರಿಯಲ್ಲಿ ಅರ್ಧ ಜನಕ್ಕೆ ತೆಲುಗು ಬರುತ್ತದೆ, ಅದು ನಮಗೆ ಅನುಕೂಲ ಆಯಿತು. 2025ರಲ್ಲಿ ಬಾನು ಮುಷ್ತಾಕ್, ದೀಪಾ ಭಾಸ್ತಿ ಅವರಿಗೆ ಕನ್ನಡ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಕಾಲೇಜು ಹುಡುಗರಿಗೂ ಅನುವಾದ ಅಂದರೆ ಏನೋ ಕುತೂಹಲ. ನಮ್ಮ ಅನುವಾದಕರು ಹಲಗೆ ಮೇಲೆ ತೆಲುಗಿನ 'ಅಲಕ' ಅನ್ನುವ ಒಂದೇ ಪದ ಬರೆದು, ಕನ್ನಡದಲ್ಲಿ ಏನನ್ನುತ್ತೀರಿ ಅಂತ ಕೇಳಿದರು. ಸಿಟ್ಟು ಅಂದರು ಒಬ್ಬರು. ಕೋಪ, ಮುನಿಸು, ಹುಸಿಮುನಿಸು. ಅನುವಾದಕರು ಎಲ್ಲಕ್ಕೂ ತಲೆ ಅಲ್ಲಾಡಿಸುತ್ತಾ, ಇದು ನಮ್ಮವರ ಮೇಲೆ ಮಾತ್ರ ಬರುವಂಥದ್ದು, ಸಮಾಧಾನ ಮಾಡಲಿ ಅಂತ ಕಾಯುವಂಥದ್ದು ಅಂದರು. ಹಿಂದಿನಿಂದ ಒಬ್ಬ ಅಜ್ಜಿ, 'ಸೆಡವು ಅನ್ರಿ' ಅಂದರು. ಅನುವಾದಕರು ಪೆನ್ನು ತೆಗೆದು ಬರೆದುಕೊಂಡರು. ಮುಕ್ಕಾಲು ಗಂಟೆ ಹೋಗಿದ್ದೇ ಗೊತ್ತಾಗಲಿಲ್ಲ.

ನಾಟಕಕಾರರದೂ ಹಾಗೇ. ಮೊದಲು ನಿಮ್ಮ ಹುಡುಗರು ಅವರ ನಾಟಕದ ಒಂದು ದೃಶ್ಯ ಆಡಲಿ, ಆಮೇಲೆ ಅವರು ಮಾತಾಡಲಿ. ಡಾಕ್ಟರಿಗೆ ಒಂದು ಡಬ್ಬಿ ಇಟ್ಟುಬಿಡಿ. ಹೆಸರು ಬರೆಯದೆ ಚೀಟಿ ಹಾಕಬಹುದು ಅಂದರೆ ಕೇಳಲು ನಾಚುವ ಪ್ರಶ್ನೆಗಳೆಲ್ಲ ಬರುತ್ತವೆ.

ಕೇಳಿದವರು, ಕೊಪ್ಪಳ

ಎಲ್ಲರಿಗೂ ಶರಣು. ನಿನ್ನೆ ರಾತ್ರಿ ಸಭೆ ಸೇರಿದ್ದೆವು. ಒಂದೇ ಗೋಷ್ಠಿ ರದ್ದು. ಸ್ಮರಣಿಕೆ ರದ್ದು, ಶಾಲು ಉಳಿಯಿತು (ಗಂಗಾವತಿಯವರ ಮಾತು ಕೇಳಿ ನಮ್ಮ ಖಜಾಂಚಿ ಹೆದರಿಬಿಟ್ಟ). ಫೆಬ್ರುವರಿ ಮೊದಲ ಶನಿವಾರ, ಭಾನುವಾರ. ಮಕ್ಕಳ ಕಥೆ ಶುಕ್ರವಾರವೇ ಶಾಲೆಯಲ್ಲಿ. ತತ್ವಪದ ಹಾಡುವ ಒಬ್ಬರು ಹಿರಿಯರು ಪಟ್ಟಿಗೆ ಸೇರಿ ಏಳು ಜನ ಆದರು. ಏಳು ಐದಲಿ ಮೂವತ್ತೈದು. ಡಾಕ್ಟರೂ ಹಿರಿಯರೂ ಇಲ್ಲಿಯವರೇ, ಪ್ರಯಾಣದ ಖರ್ಚಿಲ್ಲ, ಹಾಗಾಗಿ ಉಳಿದ ಹದಿನೈದರಲ್ಲಿ ಮುಗಿಯಬಹುದು.

ಇವತ್ತು ಗಜಲ್ ಕವಿಗೆ ಫೋನ್ ಮಾಡಿದ್ದೆ. ರಾತ್ರಿ ಎಂಟೂವರೆ, ಮಾಳಿಗೆ ಮೇಲೆ ಅಂದೆ. ಖುಷಿಯಾದರು. ಆಮೇಲೆ, 'ಊಟ ಮೊದಲೋ, ಗಜಲ್ ಮೊದಲೋ?' ಅಂತ ಕೇಳಿದರು. ನಾನು ಹೇಳುತ್ತೇನೆ ಅಂತ ಇಟ್ಟೆ. ಏನು ಹೇಳಲಿ?

ಸಿಂಧನೂರು, ಕಾಲೇಜು ಮಾಸ್ತರ್

ಊಟ ಮೊದಲು. ಆದರೆ ಅನ್ನ ಬೇಡ, ನಿದ್ದೆ ಬರುತ್ತದೆ. ಮಂಡಕ್ಕಿ ಒಗ್ಗರಣೆ, ಮಿರ್ಚಿ, ಚಹಾ ಸಾಕು. ಕವಿಗೆ ಮಾತ್ರ ಮಿರ್ಚಿ ಗಜಲ್ ಆದ ಮೇಲೆ ಕೊಡಿ, ಗಂಟಲು ಕೆಡುತ್ತದೆ.